ಮುಳುಗಿದ ಊರಿಗೆ ಹೋಗಿಬರುವುದು: ಶರಾವತಿ ಹಿನ್ನೀರಿನ ಮನೆತನಗಳಿಗೆ ಒಂದು ಕೈಪಿಡಿ

ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಆಗ ಹತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಅದರ ಹಿನ್ನೀರಿನಲ್ಲಿ ಮುಳುಗಿದ ಊರುಗಳಿಂದ ಎದ್ದ ಮನೆಗಳು ಸಾಗರ, ಹೊಸನಗರ, ಶಿವಮೊಗ್ಗ, ಬೆಂಗಳೂರು ಅಂತ ಚದುರಿಹೋಗಿವೆ. ಬೇಸಿಗೆಯಲ್ಲಿ ನೀರಿಳಿದಾಗ ಮಕ್ಕಳು ಮೊಮ್ಮಕ್ಕಳು ಗಾಡಿ ಮಾಡಿಕೊಂಡು ಹಳೇ ಊರು ನೋಡಲು ಹೋಗುವುದು ಹಲವು ಕುಟುಂಬಗಳಲ್ಲಿ ರೂಢಿ. ಹೆಚ್ಚಿನವರಿಗೆ ಸಿಗುವುದು ಬಿರುಕುಬಿಟ್ಟ ಕೆಸರು, ಒಂದಿಷ್ಟು ಮರದ ಬೊಡ್ಡೆ, ನಾಲ್ಕು ಸೆಲ್ಫಿ, ಜೊತೆಗೆ "ಇಲ್ಲೇ ಎಲ್ಲೋ ಇತ್ತು" ಎಂಬ ಮಾತು. ಮನೆಯಲ್ಲೇ ಮಾಡಬೇಕಾದ ಕೆಲಸ ಬಾಕಿ ಇಟ್ಟು ಹೊರಟರೆ ಹೀಗೇ ಆಗುವುದು. ಹೋಗುವ ದಿನ ಒಂದೇ; ಅದರ ಹಿಂದಿನ ತಯಾರಿಗೆ ಎರಡು ಮೂರು ತಿಂಗಳು ಬೇಕು. ಸಂಕ್ರಾಂತಿಯ ಹೊತ್ತಿಗೆ ಶುರು ಮಾಡಿದರೆ ಮೇ ತಿಂಗಳಿಗೆ ಸರಿಹೋಗುತ್ತದೆ.

ಯಾವ ನೀರು ಎಂದು ಮೊದಲು ಖಚಿತ ಮಾಡಿಕೊಳ್ಳಿ

ಶರಾವತಿ ಕಣಿವೆಗೆ ನೀರು ಬಂದದ್ದು ಎರಡು ಸಲ. ಮೊದಲನೆಯದು ಜನ ಮಡೆನೂರು ಡ್ಯಾಮ್ ಎಂದು ಕರೆಯುವ ಹಿರೇಭಾಸ್ಕರ ಅಣೆಕಟ್ಟೆಯದು. ಜೋಗದ ವಿದ್ಯುತ್ತಿಗಾಗಿ ಕಟ್ಟಿದ್ದು, 1948ರ ಹೊತ್ತಿಗೆ ಮುಗಿದದ್ದು. ಎರಡನೆಯದು ಲಿಂಗನಮಕ್ಕಿ. ಅದರ ನೀರು ಹಿರೇಭಾಸ್ಕರ ಅಣೆಕಟ್ಟೆಯನ್ನೇ ನುಂಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಆ ಹಳೇ ಕಟ್ಟೆ ಈಗಲೂ ಮೇಲೆ ಕಾಣುತ್ತದೆ. ಎರಡು ಸಲವೂ ಎದ್ದ ಮನೆತನಗಳಿವೆ. "ಮುಳುಗಡೆ ಆದಾಗ" ಎಂದು ಅಜ್ಜ ಹೇಳುವ ಕತೆಯಲ್ಲಿ ಈ ಎರಡೂ ಬೆರೆತಿರುತ್ತವೆ. ಇದನ್ನು ಬಿಡಿಸಿಕೊಳ್ಳದೆ ಹೋದರೆ ಮೊದಲ ಮುಳುಗಡೆಯ ಮನೆಯನ್ನು ಎರಡನೆಯದರ ಜಾಗದಲ್ಲಿ ಹುಡುಕುತ್ತೀರಿ. ಹಿರೇಭಾಸ್ಕರದ ನೀರಿಗೆ ಹೋದ ಜಾಗ ಕಣಿವೆಯ ತಳದಲ್ಲಿದೆ, ಸಾಮಾನ್ಯ ಬೇಸಿಗೆಯಲ್ಲಿ ಅದು ತೆರೆದುಕೊಳ್ಳುವುದೇ ಇಲ್ಲ.

ಇಸವಿ ಕೇಳಿದರೆ ಹಿರಿಯರು ತಡವರಿಸುತ್ತಾರೆ, ಸಂವತ್ಸರ ಕೇಳಿದರೆ ಥಟ್ಟನೆ ಹೇಳುವವರಿದ್ದಾರೆ. 1947ರ ಯುಗಾದಿಗೆ ಶುರುವಾದದ್ದು ಸರ್ವಜಿತ್, 1963ರದು ಶೋಭಕೃತ್, 1964ರದು ಕ್ರೋಧಿ. ಅರವತ್ತು ವರ್ಷಕ್ಕೆ ಚಕ್ರ ತಿರುಗುವುದರಿಂದ 2024ರಲ್ಲಿ ಬಂದದ್ದೂ ಕ್ರೋಧಿಯೇ. ಈಗಿನ ಪಂಚಾಂಗ ಹಿಡಿದು ಹಿಂದಕ್ಕೆ ಎಣಿಸಬಹುದು. ಜನವರಿಯಿಂದ ಯುಗಾದಿವರೆಗಿನ ತಿಂಗಳುಗಳು ಹಿಂದಿನ ಸಂವತ್ಸರಕ್ಕೆ ಸೇರುತ್ತವೆ ಎಂಬುದು ಮರೆತರೆ ಲೆಕ್ಕ ಒಂದು ವರ್ಷ ತಪ್ಪುತ್ತದೆ. ಮದುವೆ, ಹೆರಿಗೆ, ಶಾಲೆಗೆ ಸೇರಿದ್ದು ಇವನ್ನು ಕೊಕ್ಕೆಯಾಗಿ ಬಳಸಿ: "ನೀರು ಬಂದಾಗ ದೊಡ್ಡಪ್ಪ ಹುಟ್ಟಿದ್ರಾ?" ಎಂಬ ಪ್ರಶ್ನೆಗೆ ಸಿಗುವ ಉತ್ತರ "ಯಾವ ವರ್ಷ?" ಎಂಬುದಕ್ಕೆ ಸಿಗುವ ಉತ್ತರಕ್ಕಿಂತ ನಂಬಲರ್ಹ.

ಮಾತು ಹಿಡಿದಿಡುವುದು

ಊರಿನ ಕಲ್ಲುಗಳು ಮುಂದಿನ ಬೇಸಿಗೆಗೂ ಅಲ್ಲೇ ಇರುತ್ತವೆ. ಗದ್ದೆಗೆ, ತಿರುವಿಗೆ, ಹಳ್ಳದ ಗುಂಡಿಗೆ ಇಟ್ಟಿದ್ದ ಹೆಸರುಗಳು ಹಾಗಲ್ಲ. ಅವು ಯಾವ ಕಾಗದದಲ್ಲೂ ಇಲ್ಲ. ಆದ್ದರಿಂದ ಎಲ್ಲಕ್ಕಿಂತ ಮುಂಚೆ ರೆಕಾರ್ಡಿಂಗ್.

ಸಾಧಾರಣ ಫೋನ್ ಸಾಕು. ಆ್ಯಪ್‌ನಲ್ಲಿ ವೇವ್ (WAV) ಆಯ್ಕೆ ಇದ್ದರೆ 44.1 ಕಿಲೋಹರ್ಟ್ಸ್, 16 ಬಿಟ್, ಮೊನೊ ಇಟ್ಟುಕೊಳ್ಳಿ. ಗಂಟೆಗೆ ಸುಮಾರು 320 ಎಂಬಿ ಜಾಗ ಹಿಡಿಯುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ನಡುವೆ ಬಂದ ಕರೆ ರೆಕಾರ್ಡಿಂಗನ್ನೇ ನಿಲ್ಲಿಸುತ್ತದೆ. ಮಡಿಸಿದ ಟವೆಲ್ ಮೇಲಿಟ್ಟರೆ ಮೇಜಿನ ಸದ್ದು ಬರುವುದಿಲ್ಲ. ಮಾತಾಡುವವರಿಂದ ಒಂದೂವರೆ ಗೇಣು ದೂರ ಸಾಕು. ಫ್ಯಾನ್ ಆರಿಸಿ. ತಗಡಿನ ಮಾಡಿನ ಕೆಳಗೆ ಮಳೆಯ ದಿನ ಪ್ರಯತ್ನ ಬೇಡ. ಶುರುವಿನಲ್ಲೇ ದಿನಾಂಕ, ಜಾಗ, ಯಾರ್ಯಾರು ಕೂತಿದ್ದಾರೆ, ರೆಕಾರ್ಡ್ ಮಾಡಲು ಒಪ್ಪಿಗೆ ಇದೆಯೇ ಎಂಬುದನ್ನು ಬಾಯಲ್ಲೇ ಹೇಳಿಸಿ. ಒಂದು ಕೂರಿಕೆಗೆ 40–45 ನಿಮಿಷ ಮಿತಿ. ಆಮೇಲೆ ಹಿರಿಯರ ದನಿ ಕುಗ್ಗುತ್ತದೆ, ಮೊದಲು ಹೇಳಿದ್ದನ್ನೇ ತಿರುಗಿ ಹೇಳತೊಡಗುತ್ತಾರೆ.

"ಊರು ಹೇಗಿತ್ತು?" ಎಂದು ಕೇಳಬೇಡಿ. ಅದಕ್ಕೆ "ಬಹಳ ಚೆನ್ನಾಗಿತ್ತು" ಎಂಬ ಒಂದೇ ಉತ್ತರ. ಕಾಲು, ಕೈ, ಕಣ್ಣಿಗೆ ಸಂಬಂಧಿಸಿದ್ದು ಕೇಳಿ:

"ಅಜ್ಜಿ, ಬೆಳಿಗ್ಗೆ ಬಾಗಿಲು ತೆಗೆದ್ರೆ ಎದುರಿಗೆ ಎಂತ ಕಾಣ್ತಿತ್ತು?"
"ಬಾವಿಗೆ ಹೋಗುವಾಗ ಸೂರ್ಯ ಯಾವ ಕಡೆ ಇರ್ತಿದ್ದ?"
"ದನ ಹೊಡ್ಕೊಂಡು ಹೋಗೋ ದಾರಿಲಿ ಎಷ್ಟು ಉಣುಗೋಲು (ಬೇಲಿ ದಾಟುವ ಕಂಡಿ) ದಾಟಬೇಕಿತ್ತು?"
"ಮಳೆಗಾಲದಲ್ಲಿ ಶಾಲೆಗೆ ಹೋಗೋಕೆ ಸಂಕ (ಹಳ್ಳದ ಕಾಲುಸೇತುವೆ) ಎಲ್ಲಿತ್ತು?"
"ಗಾಡಿಗೆ ಕೊನೆಗೆ ಏರಿಸಿದ್ದು ಎಂತ, ಬಿಟ್ಟು ಬಂದಿದ್ದು ಎಂತ?"

ಕೊನೆಯ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಡಿ.

ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿದರೆ ಅಜ್ಜಿಗೆ ಕೇಳಿದ ಪ್ರಶ್ನೆಗೂ ಅಜ್ಜನೇ ಉತ್ತರ ಕೊಡುವುದು ನಮ್ಮ ಕಡೆ ಮಾಮೂಲು. ಬೇರೆಬೇರೆ ಕೂರಿಸಿ. ಗಂಡಸರಿಗೆ ಗಡಿ, ಗದ್ದೆ, ಬ್ಯಾಣ (ಹುಲ್ಲುಗಾವಲು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಗೊತ್ತಿರುತ್ತದೆ. ನೀರಿನ ದಾರಿ, ಮನೆಯೊಳಗಿನ ಅಳತೆ, ನೆರೆಮನೆಯ ಒಳಗು ಹೆಂಗಸರಿಗೆ ಗೊತ್ತು. ಇವರೆಲ್ಲರಿಗಿಂತ ಬೆಲೆಬಾಳುವ ಸಾಕ್ಷಿ ಮುಳುಗಡೆಗೆ ಮುಂಚೆಯೇ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು: ಊರು ಖಾಲಿ ಮಾಡಿದ ಗಲಾಟೆ ಅವರ ನೆನಪಿನ ಮೇಲೆ ಬಿದ್ದಿಲ್ಲ, ಹಳೇ ಊರು ಹಾಗೇ ಇದೆ. ಅತ್ತೆ, ಸೋದರತ್ತೆಯರನ್ನು ಮರೆಯಬೇಡಿ.

ಇನ್ನೊಂದು ಎಚ್ಚರ. ನಿಮ್ಮ ಮನೆತನದ್ದು ಜಮೀನಿದ್ದ ಮನೆಯಾಗಿದ್ದರೆ ನಿಮ್ಮ ಹಿರಿಯರು ಬರೆಯುವ ನಕಾಶೆಯಲ್ಲಿ ಅರ್ಧ ಊರು ಇರುವುದೇ ಇಲ್ಲ. ಗೇಣಿ ಮಾಡುತ್ತಿದ್ದವರು, ತೋಟದ ಕೆಲಸಕ್ಕೆ ಬರುತ್ತಿದ್ದವರು ಇದ್ದ ಕೇರಿ, ಅವರ ಚೌಡಿ, ಅವರ ಹೊಳೆದಾರಿ ಬೇರೆ. ಗೇಣಿದಾರರ ಹೆಸರು ದಾಖಲೆಯಲ್ಲಿ ಇಲ್ಲದಿರುವುದು ಸಾಮಾನ್ಯ, ಹಾಗಾಗಿ ಪರಿಹಾರದ ಪಟ್ಟಿಯಲ್ಲೂ ಅವರು ಸಿಗುವುದಿಲ್ಲ. ಆ ಮನೆಯವರು ಈಗ ಎಲ್ಲಿದ್ದಾರೆ ಎಂದು ಹುಡುಕಿಕೊಂಡು ಹೋಗಿ ಕೇಳಿ. ಅವರು ಹೇಳುವುದು ನಿಮ್ಮ ಅಜ್ಜ ಹೇಳಿದ್ದಕ್ಕೆ ಹೊಂದದಿದ್ದರೆ ಎರಡನ್ನೂ ಇಟ್ಟುಕೊಳ್ಳಿ, ತೀರ್ಪು ಕೊಡಲು ಹೋಗಬೇಡಿ.

ಇಡೀ ರೆಕಾರ್ಡಿಂಗನ್ನು ಅಕ್ಷರಕ್ಕಿಳಿಸಲು ಕೂತರೆ ಗಂಟೆಯ ಮಾತಿಗೆ ಐದಾರು ಗಂಟೆ ಬೇಕು, ಅರ್ಧಕ್ಕೇ ಕೈಬಿಡುತ್ತೀರಿ. ಸಮಯಸೂಚಿ ಮಾಡಿದರೆ ಸಾಕು: "12:40 ಬಾವಿ, 15:10 ಶಾಲೆ ಮಾಸ್ತರು, 22:00 ಗಾಡಿ". ಜಾಗದ ಹೆಸರುಗಳನ್ನು ಮಾತ್ರ ಹೇಳಿದ ಉಚ್ಚಾರದಲ್ಲೇ ಬರೆದುಕೊಳ್ಳಿ. ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ.

ಕಾಗದಪತ್ರ, ನಕಾಶೆ

ಮೊದಲ ನಕಾಶೆ ಹಿರಿಯರ ಕೈಯದು. ಹಳೇ ಕ್ಯಾಲೆಂಡರಿನ ಹಿಂಬದಿ, ದಪ್ಪ ಪೆನ್ಸಿಲ್ ಕೊಟ್ಟು ಮನೆ ಬಾಗಿಲಿನಿಂದ ಶುರು ಮಾಡಿಸಿ. ಉತ್ತರ ಮೇಲೆ ಬರಬೇಕೆಂದು ಹಟ ಬೇಡ, ಕಾಗದ ತಿರುಗಿಸಿಕೊಂಡೇ ಬರೆಯಲಿ. ಜಾಗಗಳಿಗೆ ಸಂಖ್ಯೆ ಹಾಕಿ, ಹೆಸರುಗಳನ್ನು ಪಕ್ಕದ ಪಟ್ಟಿಯಲ್ಲಿ ಬರೆಯಿರಿ.

ಎರಡನೆಯದು ಭೂಮಾಪನ ಇಲಾಖೆಯ ಗ್ರಾಮ ನಕಾಶೆ. ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿ ಪಿಡಿಎಫ್ ಇಳಿಸಿಕೊಳ್ಳಬಹುದು. ಅಲ್ಲಿಲ್ಲದಿದ್ದರೆ ತಾಲ್ಲೂಕಿನ ಎಡಿಎಲ್‌ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರ) ಕಚೇರಿಯಲ್ಲಿ ಅರ್ಜಿ ಹಾಕಿ. ಜನವಸತಿ ಇಲ್ಲದ ಗ್ರಾಮಗಳು ಕಂದಾಯ ದಾಖಲೆಯಲ್ಲಿ ಬೇಚಿರಾಕ್ ಎಂಬ ಗುರುತಿನಲ್ಲಿರುತ್ತವೆ, ಹಾಗೆಯೇ ಕೇಳಿ. ಗ್ರಾಮ ನಕಾಶೆಯ ಅಳತೆ ಸಾಮಾನ್ಯವಾಗಿ 1:7920, ಅಂದರೆ ಒಂದು ಇಂಚಿಗೆ 660 ಅಡಿ, ನಮ್ಮ 33 ಅಡಿ ಸರಪಳಿಯಲ್ಲಿ 20 ಸರಪಳಿ. ಪ್ರಿಂಟ್ ಹಾಕಿಸುವಾಗ ಅಂಗಡಿಯವರು "ಫಿಟ್ ಟು ಪೇಜ್" ಒತ್ತಿದರೆ ಈ ಅಳತೆ ಪೂರ್ತಿ ಕೆಡುತ್ತದೆ. "ಆ್ಯಕ್ಚುಯಲ್ ಸೈಜ್" ಎಂದು ಹೇಳಿ, ನಕಾಶೆಯ ಮೇಲಿರುವ ಅಳತೆಪಟ್ಟಿಯನ್ನು ಸ್ಕೇಲ್ ಇಟ್ಟು ನೋಡಿಯೇ ದುಡ್ಡು ಕೊಡಿ.

ಮೂರನೆಯದು ಸರ್ವೆ ಆಫ್ ಇಂಡಿಯಾದ ಹಳೇ ಒಂದಿಂಚು ಹಾಳೆ, ಒಂದು ಇಂಚಿಗೆ ಒಂದು ಮೈಲಿ. ಲಿಂಗನಮಕ್ಕಿ ಅಣೆಕಟ್ಟೆ ಇರುವ ಭಾಗ 48ಜೆ/16ರಲ್ಲಿ ಬರುತ್ತದೆ. 1964ಕ್ಕೆ ಮುಂಚಿನ ಮುದ್ರಣವೇ ಬೇಕು. ಆಮೇಲಿನದರಲ್ಲಿ ನಿಮ್ಮ ಊರಿನ ಜಾಗದಲ್ಲಿ ನೀಲಿ ಬಣ್ಣವಷ್ಟೇ. ಅದು ಸಿಗದಿದ್ದರೆ ಅಮೆರಿಕದ ಸೇನೆ 1950ರ ದಶಕದಲ್ಲಿ ತಯಾರಿಸಿದ ಯು502 ಸರಣಿಯ 1:2,50,000 ಹಾಳೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ವಿವರ ಕಡಿಮೆ, ಆದರೆ ಹೊಳೆ, ರಸ್ತೆ, ದೊಡ್ಡ ಊರುಗಳ ಸ್ಥಾನ ತಿಳಿಯಲು ಸಾಕು.

ಜನಗಣತಿಯ ಹಳೇ ಜಿಲ್ಲಾ ಕೈಪಿಡಿಗಳಲ್ಲಿ ಊರೂರಿನ ಪಟ್ಟಿ, ಜನಸಂಖ್ಯೆ ಇರುತ್ತದೆ. ಊರಿನಲ್ಲಿ ಶಾಸನವೋ ವೀರಗಲ್ಲೋ ಇತ್ತೆಂದು ಯಾರಾದರೂ ಹೇಳಿದರೆ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ ತೆಗೆದು ನೋಡಿ. 1904ರಲ್ಲಿ ಬಂದ ಈ ಸಂಪುಟದಲ್ಲಿ ಸೊರಬ, ಸಾಗರ, ನಗರ ತಾಲ್ಲೂಕುಗಳ ಶಾಸನಗಳಿವೆ. ಹೊಸನಗರ ತಾಲ್ಲೂಕಿನ ಊರುಗಳನ್ನು ಅಲ್ಲಿ ನಗರದ ಕೆಳಗೆ ಹುಡುಕಬೇಕು. ನೀರಿಗೆ ಅರವತ್ತು ವರ್ಷ ಮುಂಚಿನ ಓದು ಅದು. ಕಲ್ಲು ಈಗ ಕಾಣದಿದ್ದರೂ ಪಾಠ ಉಳಿದಿರುವ ಸಾಧ್ಯತೆ ಇದೆ. ಶಾಲೆಯ ದಾಖಲಾತಿ ಪುಸ್ತಕ ಪುನರ್ವಸತಿ ಊರಿನ ಶಾಲೆಯಲ್ಲಿ ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ಊರಿನ ಪಟ್ಟಿ ಇನ್ನೊಂದಿಲ್ಲ: ಮಗುವಿನ ಹೆಸರು, ತಂದೆಯ ಹೆಸರು, ಮನೆಯ ಹೆಸರು ಒಟ್ಟಿಗೆ ಸಿಗುತ್ತವೆ.

ನೀರು ಎಷ್ಟು ಇಳಿಯಬೇಕು

ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಹಳೇ ಒಂದಿಂಚು ಹಾಳೆಯಲ್ಲಿ ಸಮೋನ್ನತ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು, 50 ಅಡಿಗೊಂದು. ನಿಮ್ಮ ಊರು 1750 ಮತ್ತು 1800ರ ರೇಖೆಗಳ ನಡುವೆ ಇದೆ ಎಂದುಕೊಳ್ಳಿ: ಜಲಾಶಯ ತುಂಬಿದಾಗ ಅದು 19ರಿಂದ 69 ಅಡಿ ನೀರಿನಡಿ ಇರುತ್ತದೆ. ಇಷ್ಟು ಅಗಲದ ಅಂದಾಜು ಸಾಲದು. ಇಲ್ಲಿ ಬಹಳ ಜನ ಗೂಗಲ್ ಅರ್ಥ್ ತೆರೆದು ಕರ್ಸರ್ ಇಟ್ಟು ಎತ್ತರ ಓದುತ್ತಾರೆ. ಅದು ಕೆಲಸಕ್ಕೆ ಬರುವುದಿಲ್ಲ. ಇಂಥ ಎತ್ತರದ ಮಾಹಿತಿಗೆ ಮುಖ್ಯ ಆಧಾರ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಮಾಡಿದ ಅಳತೆ. ರೇಡಾರ್ ನೀರಿನ ಮೇಲ್ಮೈಯನ್ನು ಅಳೆಯಿತು, ಅಡಿಯ ನೆಲವನ್ನಲ್ಲ. ಹಿನ್ನೀರಿನಲ್ಲಿ ಎಲ್ಲಿ ಕರ್ಸರ್ ಇಟ್ಟರೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರುವುದು ಅದಕ್ಕೇ.

ಸರಿಯಾದ ದಾರಿ ಉಪಗ್ರಹ ಚಿತ್ರದ್ದು. ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು 2015ರಿಂದ ಈಚೆಗೆ ಪುಕ್ಕಟೆ ಸಿಗುತ್ತವೆ. 10 ಮೀಟರ್ ವಿವರ, ಸುಮಾರು ಐದು ದಿನಕ್ಕೊಂದು ಚಿತ್ರ. ಏಪ್ರಿಲ್, ಮೇ ತಿಂಗಳ ಚಿತ್ರಗಳನ್ನು ವರ್ಷವರ್ಷವೂ ನೋಡುತ್ತ ನಿಮ್ಮ ಜಾಗ ಒಣಗಿ ಕಂಡ ಮೊದಲ ದಿನಾಂಕ ಗುರುತು ಹಾಕಿ. ಆ ದಿನದ ಜಲಾಶಯ ಮಟ್ಟ ಎಷ್ಟಿತ್ತೆಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದಿನವಹಿ ವರದಿಯಲ್ಲಿ ಅಥವಾ ಹಳೇ ಪತ್ರಿಕೆಯಲ್ಲಿ ನೋಡಿ. ಮೂರು ಬೇಸಿಗೆ ಹೀಗೆ ಹೋಲಿಸಿದರೆ "ನಮ್ಮೂರು ಇಷ್ಟು ಅಡಿಗೆ ಏಳುತ್ತದೆ" ಎಂಬ ಸಂಖ್ಯೆ ಐದಾರು ಅಡಿಯೊಳಗೆ ಖಚಿತವಾಗುತ್ತದೆ. ಅದಕ್ಕಿಂತ ಇನ್ನೂ ಐದು ಅಡಿ ಕೆಳಗಿಳಿದ ಮೇಲೆ ಹೊರಡಿ, ಈಗಷ್ಟೇ ತೆರೆದ ನೆಲ ಕಾಲಿಡಲು ಬಾರದಷ್ಟು ಹಸಿ.

ಲಿಂಗನಮಕ್ಕಿ ವಿದ್ಯುತ್ತಿನ ಜಲಾಶಯ. ನೀರು ಎಷ್ಟು ಇಳಿಯುತ್ತದೆ ಎಂಬುದು ಹಿಂದಿನ ಮಳೆ, ಆ ವರ್ಷದ ವಿದ್ಯುತ್ ಉತ್ಪಾದನೆ ಎರಡರ ಮೇಲೂ ನಿಂತಿದೆ. ಕೆಲವು ವರ್ಷ ಊರು ಏಳುವುದೇ ಇಲ್ಲ. ಸಾಮಾನ್ಯವಾಗಿ ಮೇ ಎರಡನೇ ವಾರದಿಂದ ಮುಂಗಾರು ಹಿಡಿಯುವವರೆಗೆ ತಳಮಟ್ಟ. ಜೂನ್ ಮೊದಲ ವಾರಕ್ಕೆ ದಿನ ಗೊತ್ತು ಮಾಡಿ ಕೂತವರಿಗೆ ಮಳೆ ಮುಂದಾಗಿ ಬಂದು ಕೈಕೊಟ್ಟಿದ್ದುಂಟು.

ಬೇರೆ ಜಲಾಶಯದ ಕುಟುಂಬಗಳಿಗೂ ಇದೇ ವಿಧಾನ ನಡೆಯುತ್ತದೆ. ಅವುಗಳ ಪೂರ್ಣ ಮಟ್ಟ: ಸೂಪಾ 564 ಮೀಟರ್, ಆಲಮಟ್ಟಿ 519.60 ಮೀಟರ್, ತುಂಗಭದ್ರಾ 1633 ಅಡಿ, ಹೇಮಾವತಿ 2922 ಅಡಿ. ಆದರೆ ಕೆಆರ್‌ಎಸ್‌ನ 124.80 ಅಡಿ, ಭದ್ರಾದ 186 ಅಡಿ ಎಂದು ಪತ್ರಿಕೆಯಲ್ಲಿ ಬರುವುದು ಸಮುದ್ರಮಟ್ಟದ ಲೆಕ್ಕವಲ್ಲ. ಅದನ್ನು ಹಾಳೆಯ ರೇಖೆಗೆ ನೇರ ಹೋಲಿಸಲು ಬಾರದು.

ಹೋಗುವ ದಿನ

ಊರು ಎದ್ದಿರುವ ಹೊತ್ತಿಗೆ ಹಿನ್ನೀರು ದಾಟಿಸುವ ಲಾಂಚ್ ನಿಂತಿರುತ್ತದೆ, ಇದು ಈ ಪ್ರವಾಸದ ವಿಚಿತ್ರ. ನೀರು ತೀರಾ ಇಳಿದರೆ ಹಸಿರುಮಕ್ಕಿ, ಮುಪ್ಪಾನೆ ಕಡವುಗಳಲ್ಲಿ ಲಾಂಚ್ ನಿಲ್ಲಿಸುತ್ತಾರೆ. ಸಿಗಂದೂರಿನ ಕಡೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ತೆರೆದ ಮೇಲೆ ತುಮರಿ ಭಾಗಕ್ಕೆ ಆ ತೊಂದರೆ ತಪ್ಪಿದೆ. ಉಳಿದ ಕಡೆಗಳಿಗೆ ರಸ್ತೆ ಸುತ್ತು ಎಷ್ಟು ಎಂದು ಮುಂಚೆಯೇ ಲೆಕ್ಕ ಹಾಕಿ. ಹಿನ್ನೀರಿನ ಸುತ್ತಲಿನ ಹೆಚ್ಚಿನ ಕಾಡು ಅಭಯಾರಣ್ಯ. ವಾರ ಮುಂಚೆ ವಲಯ ಅರಣ್ಯ ಕಚೇರಿಗೆ ಹೋಗಿ ಹೇಳಿ, ಬೇಕೆಂದರೆ ಬರಹದಲ್ಲಿ ಅನುಮತಿ ಪಡೆಯಿರಿ. ಅಣೆಕಟ್ಟೆ, ವಿದ್ಯುದಾಗಾರದ ಹತ್ತಿರ ಡ್ರೋನ್ ಬಿಡುವ ಯೋಚನೆಯೇ ಬೇಡ. ಮೇಲಿಂದ ತೆಗೆದ ಚಿತ್ರ ಚಂದ ಕಾಣುತ್ತದೆ, ಯಾರ ಮನೆ ಎಲ್ಲಿತ್ತೆಂದು ಅದು ಹೇಳುವುದಿಲ್ಲ.

ಬೆಳಿಗ್ಗೆ ಏಳರೊಳಗೆ ಜಾಗದಲ್ಲಿರಿ. ತಂಪಿನ ಮಾತು ಹಾಗಿರಲಿ, ಓರೆ ಬಿಸಿಲಿನಲ್ಲಿ ಗದ್ದೆಯ ಹಾಳಿ (ಬದು), ತೋಟದ ಬಸಿಗಾಲುವೆ, ಗಾಡಿದಾರಿ ಎಲ್ಲದರ ನೆರಳು ಬಿದ್ದು ಊರಿನ ಗೆರೆಗಳು ಎದ್ದು ಕಾಣುತ್ತವೆ. ಒಂಬತ್ತರ ನಂತರ ಅದೇ ನೆಲ ಸಪಾಟು. ಮಧ್ಯಾಹ್ನ ಎರಡಕ್ಕೆ ವಾಪಸು ಹೊರಟಿರಬೇಕು, ಮೇ ತಿಂಗಳ ಗುಡುಗುಮಳೆ ಸಂಜೆ ಮುಂಚೆ ಕಟ್ಟುತ್ತದೆ, ಬಯಲಲ್ಲಿ ಸಿಡಿಲಿಗೆ ಮರೆ ಇಲ್ಲ.

ಜೊತೆಗಿರಬೇಕಾದ್ದು: ತಲೆಗೆ ಮೂರು ಲೀಟರ್ ನೀರು, ಓಆರ್‌ಎಸ್, ಆರಡಿಯ ಬಿದಿರು ಕೋಲು ಇಬ್ಬರಿಗೊಂದು, 15 ಮೀಟರ್ ಹಗ್ಗ, 30 ಮೀಟರ್ ಟೇಪು, ಮಡಚುವ ಕುರ್ಚಿ, ಕೊಡೆ, ಪ್ಲಾಸ್ಟಿಕ್ ಹೊದಿಕೆಯಲ್ಲಿ ನಕಾಶೆಗಳ ಪ್ರಿಂಟು, ಕೆಂಪು ಬಟ್ಟೆಯ ಚೂರು ಕಟ್ಟಿದ ಇಪ್ಪತ್ತು ಕಡ್ಡಿ, ಪವರ್ ಬ್ಯಾಂಕ್. ಲೇಸು ಬಿಗಿಯುವ ಕ್ಯಾನ್ವಾಸ್ ಶೂ ಒಳ್ಳೆಯದು. ಗಮ್‌ಬೂಟು ಕೆಸರಿನಲ್ಲಿ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಬರಿಗಾಲಿಗೆ ಬೊಡ್ಡೆಯ ಮೊನೆ ಚುಚ್ಚುತ್ತದೆ.

ಕೆಸರಿನ ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಅಡಿಯಲ್ಲಿ ಮೆತ್ತಗೆ ಇರುತ್ತದೆ, ಹಳ್ಳದ ಹಳೇ ಪಾತ್ರದ ಮೇಲಂತೂ ಖಂಡಿತ. ಮುಂದಿರುವವರು ಕೋಲು ಊರಿ ನೋಡುತ್ತ ಹೋಗಲಿ, ಗೇಣಿಗಿಂತ ಹೆಚ್ಚು ಇಳಿದರೆ ಸುತ್ತಿಕೊಂಡು ಹೋಗಿ. ದನದ ಹೆಜ್ಜೆ ಹಿಡಿದು ನಡೆಯುವುದು ಸುರಕ್ಷಿತ. ಮೊಣಕಾಲವರೆಗೆ ಹೂತರೆ ಎಳೆದಾಡದೆ ಹಿಂದಕ್ಕೆ ಒರಗಿ, ಭಾರ ಹರಡಿ, ಒಂದೊಂದೇ ಕಾಲನ್ನು ಮೆಲ್ಲಗೆ ಆಡಿಸಿ ತೆಗೆಯಬೇಕು. ಕಲ್ಲಿನ ಉಂಗುರದಂತೆ ಏನಾದರೂ ಕಂಡರೆ ಅದು ಬಾವಿ. ಮೇಲೆ ಹೂಳು ತುಂಬಿ ನೆಲದಂತೆಯೇ ಕಂಡರೂ ಎರಡು ಮೀಟರ್ ದೂರ ನಿಲ್ಲಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ತೆಪ್ಪ, ದೋಣಿಯಲ್ಲಿ ಹೋಗುವುದಾದರೆ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ನೀರಿನೊಳಗೆ ನಿಂತ ಸತ್ತ ಮರಗಳ ಕೊನೆ ಕಾಣುವುದಿಲ್ಲ.

ಮನೆಯ ಜಾಗ ಹಿಡಿಯುವುದು

ಅಲುಗದಿರುವುದರಿಂದ ಶುರು ಮಾಡಿ: ಗುಡ್ಡದ ಸಾಲು, ಹಾಸುಬಂಡೆ, ಎರಡು ಹಳ್ಳ ಸೇರುವ ಜಾಗ. ಹಿರಿಯರು ಊರಿನ ನೆಲವನ್ನು ಗುರುತಿಸದಿದ್ದರೂ ಗುಡ್ಡದ ನೆತ್ತಿಗಳನ್ನು ಗುರುತಿಸುತ್ತಾರೆ. ಅಂಗಳದಲ್ಲಿ ನಿಂತರೆ ಯಾವ ಗುಡ್ಡದ ಹಿಂದೆ ಯಾವುದು ಇಣುಕುತ್ತಿತ್ತು ಎಂದು ಕೇಳಿ. ಅದೇ ನೋಟ ಸಿಗುವವರೆಗೆ ಎಡಕ್ಕೆ ಬಲಕ್ಕೆ ನಡೆಸಿ. ಬೇರೆಬೇರೆ ದಿಕ್ಕಿನ ಎರಡು ಜೋಡಿ ನೆತ್ತಿಗಳು ಒಟ್ಟಿಗೆ ಕೂಡಿದ ಕಡೆ ನೀವು ಸರಿಯಾದ ಜಾಗದ ಹತ್ತಿರ ಇದ್ದೀರಿ.

ಆಮೇಲೆ ಮನುಷ್ಯ ಕಟ್ಟಿದ್ದು: ರಸ್ತೆಯ ಮೋರಿ, ಒಡ್ಡು, ಬಾವಿ, ದೇವರ ಕಟ್ಟೆ. ಕೊನೆಗೆ ಮನೆ. ಬಿಟ್ಟುಹೋಗುವಾಗ ಹೆಂಚು, ಕಂಬ, ಬಾಗಿಲು, ತೊಲೆ ಎಲ್ಲ ಕಿತ್ತು ಒಯ್ದಿರುತ್ತಾರೆ, ಗೋಡೆ ಮಣ್ಣಾಗಿ ಕರಗಿದೆ, ಉಳಿದಿರುವುದು ಚಿರೆಕಲ್ಲಿನ ಅಡಿಪಾಯದ ಸಾಲು. ಸಾಲು ಸಿಕ್ಕಿತೆಂದರೆ ಮೂಲೆ ಹುಡುಕಿ, ಮೂಲೆಯಿಂದ ಟೇಪು ಹಿಡಿದು ಉದ್ದಗಲ ಅಳೆಯಿರಿ. ಅಜ್ಜಿ "ಐದಂಕಣದ ಮನೆ" (ಅಂಕಣ ಎಂದರೆ ಎರಡು ಕಂಬಗಳ ನಡುವಿನ ಅಂತರ) ಎಂದಿದ್ದರೆ ಅಳತೆ ಅದಕ್ಕೆ ಹೊಂದಬೇಕು. ಹಿಂಬದಿಯಲ್ಲಿ ಚಪ್ಪಡಿ ಹಾಸು, ಅದರ ಪಕ್ಕ ನೀರು ಹರಿದುಹೋಗುವ ಚರಂಡಿ ಇದ್ದರೆ ಅದು ಬಚ್ಚಲು. ಬಚ್ಚಲಿನಿಂದ ಒಳಕ್ಕೆ ಬಂದರೆ ಅಡುಗೆಮನೆ. ನೆಲಕ್ಕೆ ಹೂತ ಒರಳು ಅಲ್ಲಿ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಬಿಡಿ ಒರಳನ್ನು ಮಾತ್ರ ನಂಬಬೇಡಿ: ಬೇಸಿಗೆಯಲ್ಲಿ ಮೀನು ಹಿಡಿಯಲು ಬಂದು ತಂಗುವವರು ಕಲ್ಲುಗಳನ್ನು ಒಲೆ ಹೂಡಲು ಎತ್ತಿಕೊಂಡು ಹೋಗಿರಬಹುದು. ಅಂಗಳದ ಮುಂದೆ ಕಣ, ನಡುವೆ ಮೇಟಿಯ (ಒಕ್ಕುವಾಗ ದನ ಕಟ್ಟುವ ಕಂಬದ) ಗುಂಡಿ ಕಂಡರೆ ಮನೆಯ ಮುಖ ಯಾವ ಕಡೆ ಎಂಬುದೂ ತೀರ್ಮಾನವಾಯಿತು.

ಹಿರಿಯರು ಹೇಳಿದ ದೂರಗಳನ್ನು ತಗ್ಗಿಸಿ ಹಿಡಿಯಬೇಕು. "ನೂರು ಹೆಜ್ಜೆ" ಎಂದರೆ ಎಂಟು ವರ್ಷದ ಮಗುವಿನ ನೂರು ಹೆಜ್ಜೆ, ದೊಡ್ಡವರಿಗೆ ಅರವತ್ತು ಎಪ್ಪತ್ತಾದೀತು. "ಕೂಗಳತೆ" ಎಂದದ್ದು ಮಾತ್ರ ಹೆಚ್ಚು ಕಡಿಮೆ ಸರಿಯಿರುತ್ತದೆ.

ಗುರುತು ಸಿಕ್ಕ ಪ್ರತಿ ಜಾಗಕ್ಕೂ ಕಡ್ಡಿ ನೆಟ್ಟು ಫೋನಿನಲ್ಲಿ ಜಿಪಿಎಸ್ ಬಿಂದು ಉಳಿಸಿ, ಹೆಸರು ಆಗಲೇ ಬರೆಯಿರಿ. ಮೂರ್ತಿ, ವೀರಗಲ್ಲು, ಮಾಸ್ತಿಗಲ್ಲು, ನಾಣ್ಯ ಸಿಕ್ಕರೆ ಚಿತ್ರ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಮನೆಯಂಗಳಕ್ಕೆ ತಂದಿಟ್ಟುಕೊಂಡರೆ ಅದು ಎಲ್ಲಿನದೆಂಬ ಸುಳಿವೇ ಅಳಿಯುತ್ತದೆ, ನಿಧಿ ಕಾಯ್ದೆಯ ತೊಡಕು ಬೇರೆ.

ಅಲ್ಲಿ ಕತೆ ಹೇಳುವ ಬಗೆ

ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ, ಹಿಂದೆ ನಿಂತವರಿಗೆ ಬಯಲಲ್ಲಿ ಕೇಳುವುದಿಲ್ಲ. ಆರೇಳು ನಿಲುಗಡೆ, ಒಂದೊಂದಕ್ಕೆ ಮೂರ್ನಾಲ್ಕು ನಿಮಿಷ. ಪ್ರತಿ ಜಾಗದಲ್ಲಿ ಒಬ್ಬ ವ್ಯಕ್ತಿ, ಆ ವ್ಯಕ್ತಿ ಅಲ್ಲಿ ಮಾಡುತ್ತಿದ್ದ ಒಂದು ಕೆಲಸ, ನಡೆದ ಒಂದು ಸಂಗತಿ, ಇಷ್ಟೇ. ವಂಶವೃಕ್ಷ ಓದಿ ಹೇಳಿದರೆ ಮಕ್ಕಳು ಎರಡನೇ ಹೆಸರಿಗೇ ಕಪ್ಪೆಚಿಪ್ಪು ಹೆಕ್ಕಲು ಹೋಗುತ್ತಾರೆ.

ಮನೆಯ ಜಾಗದಲ್ಲಿ ಮಕ್ಕಳಿಗೆ ಕೆಲಸ ಕೊಡಿ. ನಾಲ್ಕು ಮೂಲೆಗೆ ನಾಲ್ವರು ಹಗ್ಗ ಹಿಡಿದು ನಿಲ್ಲಲಿ, ಹೆಬ್ಬಾಗಿಲ ಜಾಗದಲ್ಲಿ ಎರಡು ಕಡ್ಡಿ ನೆಡಿ. ಹಿರಿಯರು ಅಲ್ಲಿಂದಲೇ ಒಳಗೆ ಬರಲಿ. ಗೋಡೆ ಇಲ್ಲದಿದ್ದರೂ ಬಾಗಿಲಿನಿಂದ ಒಳಬಂದವರ ಕಾಲಿಗೆ ಮನೆ ನೆನಪಾಗುತ್ತದೆ: ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ ಎಂದು ತಾವೇ ನಡೆದು ತೋರಿಸುತ್ತಾರೆ, ದಾರಿಯಲ್ಲಿ ಯಾವ ಕಂಬಕ್ಕೆ ಏನು ತೂಗುಹಾಕಿದ್ದರೆಂಬುದೂ ಬರುತ್ತದೆ. ಆಗ ಯಾರೂ ಪ್ರಶ್ನೆ ಕೇಳಬಾರದು. ರೆಕಾರ್ಡರ್ ಅವರ ಜೇಬಿನಲ್ಲಿರಲಿ, ಒಬ್ಬರು ಮಾತ್ರ ಜೊತೆಗೆ ನಡೆಯಲಿ. ಗಾಳಿಯ ಸದ್ದು ತಡೆಯಲು ಫೋನಿನ ಮೈಕಿನ ಮೇಲೆ ತೆಳು ಕಾಲುಚೀಲ ಎಳೆದರೆ ಸಾಕು.

ಯಾರಾದರೂ ಅತ್ತರೆ ವಿಡಿಯೋ ನಿಲ್ಲಿಸಿ. ಪರಿಹಾರದ ಹಣ, ಅಣ್ಣತಮ್ಮಂದಿರ ಪಾಲು ಇಂಥ ಹಳೇ ಜಗಳ ಎದ್ದರೆ ರೆಕಾರ್ಡರ್ ಆಫ್ ಮಾಡಿ, ಆಮೇಲೆ ಒಬ್ಬೊಬ್ಬರನ್ನೇ ಕೇಳಿ. ಊರನ್ನು ಸ್ವರ್ಗ ಮಾಡಿ ಹೇಳುವುದೂ ಬೇಡ. ಮಲೇರಿಯಾ ಇತ್ತು, ಗೇಣಿಯ ಹೊರೆ ಇತ್ತು, ಒಳಗೆ ಬರಬಾರದ ಬಾಗಿಲುಗಳಿದ್ದವು. ಅವನ್ನು ಬಿಟ್ಟು ಹೇಳಿದ ಕತೆಯನ್ನು ಮುಂದೊಂದು ದಿನ ಆ ಬಾಗಿಲಿನ ಹೊರಗೆ ನಿಂತಿದ್ದವರ ಮೊಮ್ಮಕ್ಕಳು ಓದುತ್ತಾರೆ.

ದೇವರ ಜಾಗಕ್ಕೆ ಹಣ್ಣುಕಾಯಿ ಮಾಡುವ ಪದ್ಧತಿ ಇದ್ದರೆ ಮಾಡಿ. ಕವರ್, ಕರ್ಪೂರದ ಡಬ್ಬಿ ವಾಪಸು ತನ್ನಿ.

ಬರಲಾಗದ ಹಿರಿಯರಿಗೆ ಬೇರೆ ದಾರಿ ಇದೆ. ಅಂಗಳದ ಜಾಗದಲ್ಲಿ ನಿಂತು ಸುತ್ತಲಿನ ಗುಡ್ಡಗಳ ಪೂರ್ತಿ ಸುತ್ತಿನ ಚಿತ್ರ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವರ ಸುತ್ತ ಗೋಡೆಗೆ ಅಂಟಿಸಿ, ಅವರ ಮನೆಬಾಗಿಲು ನೋಡುತ್ತಿದ್ದ ದಿಕ್ಕು ಎದುರಿಗೆ ಬರುವಂತೆ. ಫೋನಿನ ಸಣ್ಣ ಪರದೆಯಲ್ಲಿ ತೋರಿಸಿದರೆ "ಕಾಣಲ್ಲ ಬಿಡು" ಎನ್ನುತ್ತಾರೆ.

ಬಂದ ಮೇಲೆ

ಅದೇ ರಾತ್ರಿ ಊಟವಾದ ಮೇಲೆ ಇನ್ನೊಮ್ಮೆ ರೆಕಾರ್ಡರ್ ಇಡಿ. ಎರಡು ತಿಂಗಳಿಂದ ಕೇಳಿದರೂ ಬಾರದ ಹೆಸರುಗಳು ಅವತ್ತು ರಾತ್ರಿ ಬರುತ್ತವೆ. ಮರುದಿನಕ್ಕೆ ಮುಂದೂಡಿದರೆ ದಣಿವು ಗೆಲ್ಲುತ್ತದೆ.

ಚಿತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದರೆ ಗಾತ್ರ ಕುಗ್ಗುತ್ತದೆ, ದಿನಾಂಕ ಮತ್ತು ಜಾಗದ ಮಾಹಿತಿ ಅಳಿಯುತ್ತದೆ. "ಡಾಕ್ಯುಮೆಂಟ್" ಆಗಿ ಕಳಿಸಿ. ಹಳೇ ಕುಟುಂಬದ ಫೋಟೊಗಳನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಹಿಂಬದಿಯ ಬರಹವನ್ನೂ ಸೇರಿಸಿ. ಎಲ್ಲದರ ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲಿ ಒಂದು, ಹಾರ್ಡ್‌ಡಿಸ್ಕಿನಲ್ಲಿ ಒಂದು, ಬೇರೆ ಊರಿನ ನೆಂಟರ ಮನೆಯಲ್ಲಿ ಒಂದು.

ಪುಸ್ತಕ ಮಾಡುವುದಾದರೆ 32 ಪುಟ ಸಾಕು. ನಡುಪುಟದಲ್ಲಿ ನಕಾಶೆ, ಅದರ ಸಂಖ್ಯೆಗೆ ತಕ್ಕಂತೆ ಜಾಗದ ಹೆಸರು, ಹೆಸರಿನ ಕೆಳಗೆ ಅಲ್ಲಿನ ಕತೆ, ಕತೆಯ ಕೊನೆಗೆ ಹೇಳಿದವರು ಯಾರು, ಯಾವಾಗ ಹೇಳಿದ್ದು. ಮೊದಲ ಸಲ ಹತ್ತೇ ಪ್ರತಿ ತೆಗೆಸಿ, ಬಲಪುಟಗಳನ್ನು ಖಾಲಿ ಬಿಟ್ಟು. ಅದನ್ನು ಹಿರಿಯರಿರುವ ಹತ್ತು ಮನೆಗೆ ಒಂದೊಂದು ಪೆನ್ನಿನ ಸಮೇತ ಕೊಟ್ಟು, ತಪ್ಪಿದ್ದಲ್ಲಿ ಗೀಟು ಹಾಕಿ ಬರೆಯಿರಿ ಎಂದು ಹೇಳಿ ಬನ್ನಿ. ದೀಪಾವಳಿಗೆ ವಾಪಸು ಪಡೆದು ನೋಡಿ: ಬಾವಿ ಅವರ ಮನೆಯದಲ್ಲ ನಮ್ಮದು, ಮಾಸ್ತರ ಹೆಸರು ಅದಲ್ಲ, ಸಂಕ ಇದ್ದದ್ದು ಆಚೆ ದಡಕ್ಕೆ ಎಂದೆಲ್ಲ ತುಂಬಿರುತ್ತದೆ. ಎರಡನೇ ಮುದ್ರಣ ಅದರ ಮೇಲೆ ನಿಲ್ಲಬೇಕು. ಒಂದು ಪ್ರತಿ ಪುನರ್ವಸತಿ ಊರಿನ ಶಾಲೆಗೆ, ಒಂದು ಪ್ರತಿ ತಾಲ್ಲೂಕಿನ ಗ್ರಂಥಾಲಯಕ್ಕೆ ಕೊಡಿ. ತಿದ್ದಿದ ಹಳೇ ಹತ್ತು ಪ್ರತಿಗಳನ್ನು ಬಿಸಾಡದೆ ರೆಕಾರ್ಡಿಂಗ್ ಇರುವ ಪೆಟ್ಟಿಗೆಯಲ್ಲೇ ಇಡಿ.